ಆಗುಂಬೆ ಘಾಟಿ, ಕಳೆದುಹೋಗುವ ಕಿಲೋಮೀಟರ್ ಮತ್ತು 450 ರೂಪಾಯಿಯ ಜಿಪಿಎಸ್ ಆಂಟೆನಾ

ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಅಡಿಯಲ್ಲಿ ಮ್ಯಾಗ್ನೆಟ್. 3 ಮೀಟರ್ ತೆಳ್ಳಗಿನ ವೈರ್, ಅದರ ತುದಿಯಲ್ಲಿ ತಿರುಗಿಸಿ ಹಾಕುವ ಹಿತ್ತಾಳೆ ಬಣ್ಣದ ಪಿನ್. ಆನ್‌ಲೈನ್‌ನಲ್ಲಿ 450 ರೂಪಾಯಿ. ಕಂಪನಿ ಹೆಸರು ಎಲ್ಲೂ ಇಲ್ಲ. ನಾನು ಉಡುಪಿಯಲ್ಲಿ ಟೂರಿಸ್ಟ್ ಕಾರು ಓಡಿಸುವವನು. ಕಾರಿಗೆ ಹಾಕಿದ ದುಡ್ಡಿನಲ್ಲಿ ಇಷ್ಟು ಬೇಗ ಅಸಲು ಬಂದದ್ದು ಇದೊಂದರಲ್ಲೇ. ಹಾಗಂತ ಎಲ್ಲರೂ ತೆಗೆದುಕೊಳ್ಳಿ ಎನ್ನುವುದಿಲ್ಲ.

"ಕೊಲ್ಲೂರು, ಶೃಂಗೇರಿ, ಹೊರನಾಡು ಎಲ್ಲ ಬಾಯಿಪಾಠ ಉಂಟು, ನಿನಗೆ ಎಂಥಕ್ಕೆ ಮಾರಾಯ ಮ್ಯಾಪು?" ಎಂದು ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ದಾರಿಗಲ್ಲ, ಕಿಲೋಮೀಟರಿಗೆ. ನನಗೆ ಬಾಡಿಗೆ ಕೊಡುವ ಟ್ರಾವೆಲ್ಸ್‌ನವರು ಕಾರಿನ ಮೀಟರ್ ನೋಡುವುದಿಲ್ಲ. ಅವರ ಆಪ್ ಜಿಪಿಎಸ್ ಹಿಡಿದು ಎಷ್ಟು ಎಣಿಸುತ್ತದೋ ಅಷ್ಟಕ್ಕೇ ದುಡ್ಡು. ಆ ಆಪ್ ಓಡುವುದು ನನ್ನ ಕಾರಿನ ಆಂಡ್ರಾಯ್ಡ್ ಸ್ಟೀರಿಯೋದಲ್ಲಿ.

ಹೆಬ್ರಿ ದಾಟಿ ಸೋಮೇಶ್ವರದ ಕಾಡು ಹೊಕ್ಕರೆ ಸಾಕು, ಬಾಣದ ಗುರುತು ತಡವರಿಸಲು ಶುರು. ಆಮೇಲೆ ಘಾಟಿ, 14 ಹೇರ್‌ಪಿನ್ ತಿರುವು. ಸಿಗ್ನಲ್ ತಪ್ಪಿದಾಗ ಆಪ್ ಏನು ಮಾಡುತ್ತದೆ ಗೊತ್ತಾ? ಕೊನೆಗೆ ಸಿಕ್ಕಿದ ಜಾಗದಿಂದ ಮತ್ತೆ ಸಿಕ್ಕಿದ ಜಾಗಕ್ಕೆ ಒಂದು ನೇರ ಗೆರೆ ಎಳೆದುಬಿಡುತ್ತದೆ. ಮಧ್ಯದ ತಿರುವೆಲ್ಲ ಮಾಯ. ನಾನು ಫಸ್ಟ್ ಗೇರಿನಲ್ಲಿ ಡೀಸೆಲ್ ಸುಟ್ಟು ಹತ್ತಿದ ರಸ್ತೆ ಲೆಕ್ಕಕ್ಕೇ ಇಲ್ಲ. ಹೋಗಿ ಬರುವಾಗ ಎರಡು ಮೂರು ಕಿಲೋಮೀಟರ್ ಖೋತಾ. ಒಂದು ಬಾಡಿಗೆಯಲ್ಲಿ ದೊಡ್ಡದಲ್ಲ, ಆದರೆ ಶೃಂಗೇರಿ ಬಾಡಿಗೆ ನಮಗೆ ಯಾವಾಗಲೂ ಇರುವಂಥದ್ದು.

"ಮಳೆಗಾಲ ಅಲ್ವಾ, ಹಾಗಾಗ್ತದೆ" ಎಂದು ಟ್ರಾವೆಲ್ಸ್‌ನವರು ಸಮಾಧಾನ ಹೇಳಿದರು. ಇದು ತಪ್ಪು. ಮಳೆ, ಮೋಡ ಜಿಪಿಎಸ್‌ಗೆ ಲೆಕ್ಕಕ್ಕಿಲ್ಲ. ಅದರ ಮುಖ್ಯ ಸಿಗ್ನಲ್ ಬರುವ 1575.42 ಮೆಗಾಹರ್ಟ್ಸ್ ತರಂಗ ಮಳೆಯನ್ನು ಸಲೀಸಾಗಿ ದಾಟುತ್ತದೆ. ಅಡ್ಡ ಬರುವುದು ನೀರು ಕುಡಿದ ದಟ್ಟ ಎಲೆ, ಗುಡ್ಡ ಮತ್ತು ತಗಡು. ಸುಮಾರು 20,200 ಕಿಲೋಮೀಟರ್ ಮೇಲಿನಿಂದ ಬರುವ ಸಿಗ್ನಲ್ ಅದು, ನಮ್ಮ ಹತ್ತಿರ ಮುಟ್ಟುವಾಗ ಉಸಿರೇ ಇರುವುದಿಲ್ಲ. ಜಾಗ ಸರಿಯಾಗಿ ತೋರಿಸಲು ಕಡಿಮೆ ಎಂದರೂ 4 ಉಪಗ್ರಹ ಕಾಣಬೇಕು. ಕಾಡು ಅರ್ಧ ಆಕಾಶ ನುಂಗಿದರೆ, ಉಳಿದ ಅರ್ಧವನ್ನು ನಮ್ಮ ಕಾರೇ ನುಂಗುತ್ತದೆ.

ನನ್ನ ಕಾರು ಹೇಗೆ ನುಂಗುತ್ತಿತ್ತು ಎಂದು ಸ್ಟೀರಿಯೋ ಬಿಚ್ಚಿದಾಗ ಗೊತ್ತಾಯಿತು. ಸ್ಟೀರಿಯೋ ಜೊತೆಗೇ ಒಂದು ಆಂಟೆನಾ ಬಂದಿತ್ತು. ಕೂರಿಸಿಕೊಟ್ಟ ಅಂಗಡಿಯವರು ಅದರ ವೈರನ್ನು ಸುರುಳಿ ಸುತ್ತಿ, ಟೈ ಹಾಕಿ, ಹಿಂದಿನ ಕಬ್ಬಿಣದ ಬ್ರಾಕೆಟ್ಟಿಗೆ ಕಟ್ಟಿದ್ದರು. ಅದೂ ಮುಖ ಕೆಳಗೆ. ಒಳಗಿನ ಚೌಕಾಕಾರದ ಸೆರಾಮಿಕ್ ಬಿಲ್ಲೆ ಆಕಾಶ ನೋಡಬೇಕು. ಇಲ್ಲಿ ಅದು ಗೇರ್ ಬಾಕ್ಸ್ ನೋಡುತ್ತಾ ಕೂತಿತ್ತು! ಐದು ನಿಮಿಷ ಜಾಸ್ತಿ ಹಿಡಿಯುತ್ತದೆ ಎಂದು ಹೀಗೆ ಮಾಡುವುದು. ನಿಮ್ಮದೂ ಹೀಗೇ ಇರಬಹುದು, ಒಮ್ಮೆ ನೋಡಿ.

ಆಂಡ್ರಾಯ್ಡ್ ಫೋನಿಗೂ ಸ್ಟೀರಿಯೋಗೂ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆಪ್ ಸಿಗುತ್ತದೆ. ಪ್ರತಿ ಉಪಗ್ರಹದ ಸಿಗ್ನಲ್ ಎಷ್ಟು ಗಟ್ಟಿ ಎಂದು ಡೆಸಿಬೆಲ್ ಲೆಕ್ಕದಲ್ಲಿ ಕಂಬ ಎಳೆದು ತೋರಿಸುತ್ತದೆ. ಬ್ರಾಕೆಟ್ಟಿನ ಹಿಂದೆ ಇದ್ದಾಗ ಹೆಚ್ಚಿನ ಕಂಬಗಳು 20ರ ಆಸುಪಾಸು. ಅದೇ ಹಳೇ ಆಂಟೆನಾವನ್ನು ಎಳೆದು ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಕೆಳಗೆ ಇಟ್ಟೆ. 30 ದಾಟಿತು. ಒಂದು ಪೈಸೆ ಖರ್ಚಿಲ್ಲ. ಬೀಡಿನಗುಡ್ಡೆ, ಮಣಿಪಾಲ, ಹೆದ್ದಾರಿ ಎಲ್ಲಕ್ಕೂ ಇಷ್ಟೇ ಸಾಕು. ಊರೊಳಗೇ ಓಡಿಸುವವರು ಇಲ್ಲಿಗೇ ನಿಲ್ಲಿಸಿ, ಹೊಸದು ಬೇಡ.

ಆದರೂ ಕಂಬಗಳು ಸುಮ್ನೆ ಸುಮ್ನೆ ಕುಸಿಯುತ್ತಿದ್ದವು. ಕಾರಣ ಗಾಜಿಗೆ ಅಂಟಿಸಿದ ಡ್ಯಾಶ್‌ಕ್ಯಾಮ್. ಅದರ ಪ್ಲಗ್ ಎಳೆದರೆ ಕಂಬ ಏರುತ್ತದೆ, ಚುಚ್ಚಿದರೆ ಇಳಿಯುತ್ತದೆ, ಕಣ್ಣೆದುರೇ. ಅಗ್ಗದ ಕ್ಯಾಮೆರಾ ಮತ್ತು ಚಾರ್ಜರ್‌ಗಳು ಜಿಪಿಎಸ್ ತರಂಗದ ಮೇಲೆಯೇ ಗದ್ದಲ ಎಬ್ಬಿಸುತ್ತವೆ. ಟೂರಿಸ್ಟ್ ಗಾಡಿಗೆ ಕ್ಯಾಮೆರಾ ಬೇಕೇ ಬೇಕು, ಹಾಗಾಗಿ ಆಂಟೆನಾ ಅದರಿಂದ ದೂರ, ಮೇಲೆ ಹೋಗಬೇಕಾಯಿತು. ಆಗ ತರಿಸಿದ್ದು ಈ 450 ರೂಪಾಯಿಯದ್ದು.

ಕಾರಿನ ಮಾಡಿನ ಮೇಲೆ, ಮುಂದಿನ ಗಾಜಿನಿಂದ ಒಂದು ಗೇಣು ಹಿಂದೆ ಕೂರಿಸಿದೆ. ಕಂಬಗಳು 40 ಮೀರಿದವು. ಎತ್ತರ ಮಾತ್ರ ಕಾರಣವಲ್ಲ. ಈ ಜಾತಿಯ ಆಂಟೆನಾಕ್ಕೆ ಅಡಿಯಲ್ಲಿ ಅಗಲವಾದ ಲೋಹದ ಹಾಳೆ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಮೇಲೆ ತಗಡು ಇರಬಾರದು, ಕೆಳಗೆ ಇರಬೇಕು. ನೆಟ್ ಇಲ್ಲದಾಗ ಮೊದಲ ಸಲ ಜಾಗ ಹಿಡಿಯುವುದೂ ಬೇಗವಾಯಿತು. ಉಪಗ್ರಹ ತಾನೆಲ್ಲಿದ್ದೇನೆ ಎಂಬ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ನಡುವೆ ಒಂದು ತುಂಡು ತಪ್ಪಿದರೆ ಮತ್ತೆ ಅದರ ಸರದಿಗೆ ಕಾಯಬೇಕು. ಸಿಗ್ನಲ್ ಗಟ್ಟಿ ಇದ್ದರೆ ತಪ್ಪುವುದಿಲ್ಲ.

ಘಾಟಿ? ಈಗ ಆಪಿನಲ್ಲಿ ತಿರುವುಗಳು ತಿರುವಿನ ಹಾಗೇ ಕಾಣುತ್ತವೆ. ತೀರಾ ದಟ್ಟ ಮರದ ಕೆಳಗೆ ಒಂದೆರಡು ಕಡೆ ಈಗಲೂ ಬಾಣ ರಸ್ತೆ ಬಿಟ್ಟು ಕಾಡಿಗೆ ಇಳಿಯುತ್ತದೆ, ಆದರೆ ಕೂಡಲೇ ವಾಪಸ್. ಕಾರಿನ ಮೀಟರಿಗೂ ಆಪಿಗೂ ಈಗ ಹೆಚ್ಚು ವ್ಯತ್ಯಾಸವಿಲ್ಲ. ಪಂಪ್‌ವೆಲ್ ಫ್ಲೈಓವರ್ ಹತ್ತಿರ ಮಾತ್ರ, ಮಂಗಳೂರಿನಲ್ಲಿ, ಏನೂ ಬದಲಾಗಲಿಲ್ಲ. ನಾನು ಮೇಲಿದ್ದೇನೋ ಕೆಳಗಿನ ಸರ್ವಿಸ್ ರೋಡಿನಲ್ಲಿದ್ದೇನೋ ಎಂದು ಮ್ಯಾಪಿಗೆ ಈಗಲೂ ಗೊಂದಲ. ಅದು ಆಂಟೆನಾ ಸರಿಮಾಡುವ ಕೆಲಸವಲ್ಲ.

ವೈರ್ ಒಳಗೆ ತರುವುದರಲ್ಲೇ ನಿಜವಾದ ಕೆಲಸ ಇರುವುದು. ಬಾಗಿಲ ಮೇಲಿನ ರಬ್ಬರ್ ಬೀಡಿಂಗ್ ಎಬ್ಬಿಸಿ ಅದರಡಿ ತೂರಿಸಬೇಕು. ನೇರವಾಗಿ ತೂರಿಸಿದರೆ ನಮ್ಮ ಜೂನ್ ಮಳೆ ವೈರ್ ಹಿಡಿದುಕೊಂಡೇ ಒಳಗೆ ಬರುತ್ತದೆ. ಒಳ ಹೋಗುವ ಮೊದಲು ವೈರನ್ನು ಸ್ವಲ್ಪ ಕೆಳಗೆ ಇಳಿಸಿ ಮತ್ತೆ ಮೇಲೆ ತನ್ನಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಾಗಿಲು ಬಿಗಿಯಾಗಿ ಕಚ್ಚುವ ಜಾಗ ಬಿಟ್ಟು, ಸಡಿಲ ಇರುವ ಮೂಲೆ ಹುಡುಕಿ. ಜಜ್ಜಿದರೆ ಆ ವೈರ್ ಮುಗಿಯಿತು. ಉಳಿದ ವೈರನ್ನು ಕತ್ತರಿಸಬೇಡಿ, ಆ ಪಿನ್ ಮತ್ತೆ ಕೂರಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ. 5 ಮೀಟರಿನದ್ದೂ ಸಿಗುತ್ತದೆ, ಬೇಡದಿದ್ದರೆ ತೆಗೆದುಕೊಳ್ಳಬೇಡಿ. ಇಂಥ ತೆಳು ವೈರ್ ಮೀಟರಿಗೆ ಸುಮಾರು ಒಂದು ಡೆಸಿಬೆಲ್ ತಿನ್ನುತ್ತದೆ.

ಕೊಳ್ಳುವಾಗ ಪಿನ್ ನೋಡಿ. ನನ್ನ ಸ್ಟೀರಿಯೋಗೆ ಬೇಕಾದದ್ದು ಎಸ್‌ಎಂಎ, ನಡುವೆ ಸೂಜಿ ಇರುವುದು. ವೈಫೈ ರೂಟರ್ ಆಂಟೆನಾಗಳಲ್ಲಿ ಹೊರಗಿನಿಂದ ಹಾಗೇ ಕಾಣುವ, ಆದರೆ ಸೂಜಿ ಇಲ್ಲದ ಪಿನ್ ಇರುತ್ತದೆ. ತಿರುಗಿಸಿದರೆ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಕಂಪನಿಯಿಂದಲೇ ಬಂದ ಕೆಲವು ಸ್ಟೀರಿಯೋಗಳಲ್ಲಿ ನೀಲಿ ಪ್ಲಾಸ್ಟಿಕ್ಕಿನ ಫಕ್ರಾ ಪಿನ್ ಇರುತ್ತದೆ. ಬೇರೆ ಕರೆಂಟ್ ವೈರ್ ಬೇಕಿಲ್ಲ, ಒಳಗಿನ ಪುಟ್ಟ ಆಂಪ್ಲಿಫಯರ್‌ಗೆ ಸ್ಟೀರಿಯೋವೇ ಅದೇ ವೈರಿನಲ್ಲಿ 3ರಿಂದ 5 ವೋಲ್ಟ್ ಕೊಡುತ್ತದೆ. ಫೋನಿಗೆ ಇದನ್ನು ಚುಚ್ಚುವ ಜಾಗವೇ ಇಲ್ಲ. ಫೋನಿನ ಮ್ಯಾಪ್ ನೋಡುವವರು ಬ್ಲೂಟೂತ್ ಜಿಪಿಎಸ್ ರಿಸೀವರ್ ನೋಡಬೇಕು, ಅದರ ಬೆಲೆ ಬೇರೆಯೇ.

ಮಾರುವವರ ಪುಟದಲ್ಲಿ "ನಾವಿಕ್ ಬೆಂಬಲ" ಎಂದು ದೊಡ್ಡದಾಗಿ ಬರೆದಿದ್ದಾರೆ. ನಾನು ನಂಬಲಿಲ್ಲ. ನಾವಿಕ್ ಎಂದರೆ ಜಿಪಿಎಸ್ ಥರ ಜಾಗ ತೋರಿಸುವ ನಮ್ಮ ದೇಶದ್ದೇ ವ್ಯವಸ್ಥೆ. ಅದರ ಉಪಗ್ರಹಗಳು ಮೊದಲಿನಿಂದ ಬಳಸುವುದು 1176.45 ಮೆಗಾಹರ್ಟ್ಸ್ ಮತ್ತು ಎಸ್ ಬ್ಯಾಂಡ್ ಎಂಬ ಬೇರೆ ತರಂಗ. ಜಿಪಿಎಸ್ ಬಳಸುವ 1575.42 ತರಂಗದಲ್ಲೇ ಸಿಗ್ನಲ್ ಕೊಡುವುದು 2023ರಲ್ಲಿ ಹಾರಿಸಿದ ನಾವಿಕ್ ಉಪಗ್ರಹ ಎನ್‌ವಿಎಸ್-01ರಿಂದ ಶುರುವಾದದ್ದು. ಡಬ್ಬಿಯ ಮೇಲೆ ಬರೀ 1575.42 ಎಂದಿದ್ದರೆ ಹಳೇ ನಾವಿಕ್ ಅದಕ್ಕೆ ಸಿಗುವುದಿಲ್ಲ, ಅಷ್ಟೇ.

ತಕರಾರು ಇಲ್ಲವೇ ಅಂದರೆ, ಇದೆ. ಡಬ್ಬಿಯ ಅಡಿಯ ಸ್ಟಿಕ್ಕರ್ ಬಿಸಿಲಿಗೆ ಎದ್ದು, ಮ್ಯಾಗ್ನೆಟ್ಟಿನ ಅಂಚಿಗೆ ತುಕ್ಕು ಬಂದಿದೆ. ಮಲ್ಪೆ ಕಡೆ ಹೆಚ್ಚು ಹೋಗುವ ಗಾಡಿಗೆ ಉಪ್ಪು ಗಾಳಿ ಬಿಡುವುದಿಲ್ಲ. ಆಗಾಗ ಎತ್ತಿ ಅಡಿಯ ಮರಳು ಒರೆಸಿ, ಇಲ್ಲದಿದ್ದರೆ ಪೇಂಟ್ ಗೀಚುತ್ತದೆ. ಸರ್ವಿಸ್ ಸ್ಟೇಷನ್‌ಗೆ ಕೊಡುವಾಗ ಕಿತ್ತು ಸೀಟಿನ ಮೇಲಿಡಿ. ಪ್ರೆಶರ್ ವಾಶ್ ಮಾಡುವ ಹುಡುಗ ಅದನ್ನು ನೋಡುವುದಿಲ್ಲ, ನನ್ನದು ಒಮ್ಮೆ ಹಾರಿ ವೈರಿನಲ್ಲಿ ನೇತಾಡುತ್ತಿತ್ತು.