ಹ್ಯಾಮಂಡ್ ಕೇಳುವುದಕ್ಕೆ ಸರಿ, ಕಲಿಯುವುದಕ್ಕಲ್ಲ: ಲ್ಯಾಂಕಶೈರಿನ ಒಂದು ಆರ್ಗನ್ ಕ್ಲಬ್

ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ನಾನು ನೆಲೆಸಿರುವ ಸಣ್ಣ ಊರಿನ ಎಲೆಕ್ಟ್ರಾನಿಕ್ ಆರ್ಗನ್ ಕ್ಲಬ್ಬಿನ ಸದಸ್ಯತ್ವವನ್ನು ಈ ವರ್ಷವೂ ನವೀಕರಿಸಿದ್ದೇನೆ. ಆದರೆ ಆರ್ಗನ್ ನುಡಿಸಲು ಕಲಿಯಬೇಕೆಂಬ ಆಸೆಯಿಂದ ಯಾರಾದರೂ ವಿಚಾರಿಸಿದರೆ, ಇಲ್ಲಿಗೆ ಸೇರಿಕೊಳ್ಳಿ ಎಂದು ಹೇಳಲಾರೆ. ಹೆಸರು ನೋಡಿದರೆ ವಾದಕರ ಕೂಟವೆನಿಸಿದರೂ ಇದು ಕೇಳುಗರ ಸಭೆ. ತಿಂಗಳಿಗೊಮ್ಮೆ ಚರ್ಚಿನ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಹೊರಗಿನಿಂದ ಒಬ್ಬ ವೃತ್ತಿಪರ ವಾದಕರನ್ನು ಕರೆಸಿ, ಎರಡು ಭಾಗಗಳ ಕಚೇರಿಯೊಂದನ್ನು ಏರ್ಪಡಿಸುತ್ತಾರೆ; ನಡುವಿನ ವಿರಾಮಕ್ಕೆ ಚಹಾ, ಬಿಸ್ಕತ್ತು, ಜೊತೆಗೆ ಒಂದು ಲಾಟರಿ.

ಕ್ಲಬ್ಬಿನ ನಿಜವಾದ ಆಸ್ತಿಯೆಂದರೆ ವೇದಿಕೆಯ ಎಡಬದಿಯಲ್ಲಿರುವ ಹಳೆಯ ಆರ್ಗನ್, ಹ್ಯಾಮಂಡ್ ಕಂಪನಿಯ ಎ-100. ಜಾಜ್ ವಾದಕರಿಂದ ಹೆಸರಾದ, ಅದೇ ಕಂಪನಿಯ ಬಿ-3 ಮಾದರಿಯ ಯಂತ್ರವೇ ಇದರ ಒಳಗೂ ಇದೆ. ಸ್ಪೀಕರುಗಳು ಮಾತ್ರ ಪೆಟ್ಟಿಗೆಯಲ್ಲೇ ಅಡಕವಾಗಿವೆ. ಇದನ್ನು ಚಾಲೂ ಮಾಡುವ ಕ್ರಮವೇ ನೋಡತಕ್ಕದ್ದು. 'ಸ್ಟಾರ್ಟ್' ಸ್ವಿಚ್ಚನ್ನು ಸುಮಾರು ಎಂಟು ಸೆಕೆಂಡು ಒತ್ತಿ ಹಿಡಿದು, ಅದನ್ನು ಬಿಡದೆಯೇ 'ರನ್' ಸ್ವಿಚ್ಚನ್ನೂ ಹಾಕಿ, ಮತ್ತೆ ನಾಲ್ಕು ಸೆಕೆಂಡಿನಷ್ಟು ಕಾದು ಕೈ ತೆಗೆಯಬೇಕು. ಅಷ್ಟರಲ್ಲಿ ಒಳಗಿನ 91 ಚಕ್ರಗಳು ತಿರುಗಲಾರಂಭಿಸಿರುತ್ತವೆ. ಅವುಗಳ ಮೆಲುವಾದ ಮೊರೆತ ಮುಂದಿನ ಸಾಲಿನವರಿಗೆ ಕೇಳಿಸುತ್ತದೆ. ಅಂಚಿನಲ್ಲಿ ಉಬ್ಬುತಗ್ಗುಗಳಿರುವ ಈ ಚಕ್ರಗಳು ಒಂದೊಂದೂ ಅಯಸ್ಕಾಂತವೊಂದರ ಪಕ್ಕದಲ್ಲಿ ತಿರುಗಿ, ಅದಕ್ಕೆ ಸುತ್ತಿದ ತಂತಿಯಲ್ಲಿ ಒಂದೊಂದು ಸ್ವರದ ವಿದ್ಯುತ್ತನ್ನು ಹುಟ್ಟಿಸುತ್ತವೆ. ಈ ಬಗೆಯ ಆರ್ಗನ್ನನ್ನು ರೂಪಿಸಿ 1935ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಲಾರೆನ್ಸ್ ಹ್ಯಾಮಂಡ್ ಸಂಗೀತಗಾರರಲ್ಲ, ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದವರು. ಆ ಗಡಿಯಾರಗಳಲ್ಲಿದ್ದ ಬಗೆಯ ಮೋಟಾರನ್ನೇ ಇಲ್ಲಿಯೂ ಬಳಸಿದ್ದರಿಂದ ಚಕ್ರಗಳ ವೇಗವು ಮನೆಗೆ ಬರುವ ವಿದ್ಯುತ್ತಿನ ಆವರ್ತನವನ್ನೇ ಅನುಸರಿಸುತ್ತದೆ, ಹಾಗಾಗಿ ಶ್ರುತಿ ಮಾಡುವ ಗೋಜೇ ಇಲ್ಲ. ಆಗಾಗ ಎಣ್ಣೆ ಬಿಡುವುದನ್ನು ಮಾತ್ರ ಮರೆಯುವಂತಿಲ್ಲ.

ವಾದಕರ ಮೇಲ್ಗಡೆ ಒಂದು ಕ್ಯಾಮೆರಾ, ಕಾಲಿನ ಬಳಿ ಇನ್ನೊಂದು ಇಟ್ಟು ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೋರಿಸುವ ಏರ್ಪಾಡನ್ನು ಎಷ್ಟು ಮೆಚ್ಚಿದರೂ ಸಾಲದು. ಬಲಗೈ ಒಂದು ಸ್ವರಮೇಳವನ್ನು ಹಿಡಿದಿರುವಾಗಲೇ ಎಡಗೈ ಒಂಬತ್ತು ಡ್ರಾಬಾರುಗಳಲ್ಲಿ (ನಾದದ ಬಣ್ಣ ಬದಲಿಸಲು ಎಳೆಯುವ ಪಟ್ಟಿಗಳು) ಕೊನೆಯವನ್ನು ಒಂದೊಂದಾಗಿ ಎಳೆಯುತ್ತಾ ಹೋದಂತೆ ನಾದ ಹೇಗೆ ಹೊಳಪೇರುತ್ತದೆ ಎಂಬುದು ಕಣ್ಣಿಗೂ ಕಾಣುತ್ತದೆ. ಬಳಿಕ, ಒಳಗಿನ ಭಾಗಗಳು ತಿರುಗುತ್ತಾ ನಾದವನ್ನು ಅಲೆಯಾಗಿಸುವ ಲೆಸ್ಲಿ ಎಂಬ ಪ್ರತ್ಯೇಕ ಸ್ಪೀಕರಿನ ವೇಗ ಬದಲಿಸಿದರೆ ಮೇಲಿನ ಕಹಳೆ ಥಟ್ಟನೆ ವೇಗ ಹಿಡಿಯುತ್ತದೆ, ಕೆಳಗಿನ ಭಾರದ ಡ್ರಮ್ ನಿಧಾನವಾಗಿ ಅದನ್ನು ಹಿಂಬಾಲಿಸುತ್ತದೆ. ನನ್ನ ಮಟ್ಟಿಗೆ ಟಿಕೆಟ್ಟಿನ ಹಣ ಅಲ್ಲಿಗೇ ಸಂದಾಯವಾಯಿತು. ಡಾನ್ ಲೆಸ್ಲಿ ರೂಪಿಸಿದ ಈ ಸ್ಪೀಕರನ್ನು ಸ್ವತಃ ಹ್ಯಾಮಂಡ್ ಒಪ್ಪಿರಲಿಲ್ಲವೆಂಬುದು ಸೋಜಿಗ. ನಮ್ಮ ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ಬಲ್ಲವರು ಪರದೆಯ ಮೇಲಿನ ಪಾದಗಳನ್ನು ವಿಶೇಷವಾಗಿ ಗಮನಿಸಬೇಕು: ಗಾಳಿ ತುಂಬುವ ಕೆಲಸವಿಲ್ಲದ ಕಾರಣ ಎಡಪಾದ 25 ಪೆಡಲುಗಳ ಮೇಲೆ ಮಂದ್ರ ಸ್ವರಗಳನ್ನು ನುಡಿಸುತ್ತಿರುತ್ತದೆ, ಬಲಪಾದ ಧ್ವನಿಯ ಏರಿಳಿತವನ್ನು ನೋಡಿಕೊಳ್ಳುತ್ತದೆ.

ದುರದೃಷ್ಟವಶಾತ್ ಎಲ್ಲ ಅತಿಥಿಗಳೂ ಹ್ಯಾಮಂಡ್ ಮುಟ್ಟುವುದಿಲ್ಲ. ಅನೇಕರು ತಮ್ಮದೇ ಡಿಜಿಟಲ್ ವಾದ್ಯ ತಂದು, ಅದರೊಳಗಿನ ಸಿದ್ಧ ತಾಳವಾದ್ಯಗಳನ್ನು ಹಾಕಿಕೊಂಡು ನುಡಿಸುತ್ತಾರೆ; ಆ ಡ್ರಮ್ಮಿನ ಅಬ್ಬರ ಇಂಥ ಚಿಕ್ಕ ಸಭಾಂಗಣಕ್ಕೆ ತೀರಾ ಹೆಚ್ಚು. ಈ ಕುರಿತು ಸಮಿತಿಯವರಿಗೆ ಹೇಳಿದಾಗ ಸೌಜನ್ಯದಿಂದ ಕೇಳಿಸಿಕೊಂಡರು, ಅಷ್ಟೇ. ಹಾಡುಗಳ ಆಯ್ಕೆಯೂ ವಾಲ್ಟ್ಸ್, ಕ್ವಿಕ್‌ಸ್ಟೆಪ್ ಮತ್ತು ಕಡಲತೀರದ ಹಳೆಯ ಧಾಟಿಗಳನ್ನು ದಾಟುವುದು ಅಪರೂಪ. ಇದಕ್ಕೆ ಕಾರಣ ದೂರವೇನಿಲ್ಲ. ಇದೇ ಸೀಮೆಯ ಬ್ಲ್ಯಾಕ್‌ಪೂಲ್ ಟವರ್ ಬಾಲ್‌ರೂಮ್ ಎಂಬ ನೃತ್ಯಶಾಲೆಯ ವುರ್ಲಿಟ್ಜರ್ ಪೈಪ್ ಆರ್ಗನ್ನಿನ ಮುಂದೆ ವಾದಕ ರೆಜಿನಾಲ್ಡ್ ಡಿಕ್ಸನ್ 1930ರಿಂದ 1970ರವರೆಗೆ ಕುಳಿತರು. ಬಹುತೇಕ ನಿವೃತ್ತರೇ ಆಗಿರುವ ಇಲ್ಲಿನ ಸದಸ್ಯರ ಕಿವಿ ಪಳಗಿದ್ದು ಆ ನೃತ್ಯಸಂಗೀತದಲ್ಲಿ.

ಸದಸ್ಯರೇ ನುಡಿಸುವ ಸಂಜೆಗಳು ಆಗೊಮ್ಮೆ ಈಗೊಮ್ಮೆ ಇರುತ್ತವೆ. ಒಬ್ಬೊಬ್ಬರಿಗೆ ಹತ್ತು ನಿಮಿಷ, ಕೊನೆಗೆ ಎಲ್ಲರಿಗೂ ಒಂದೇ ಪ್ರಮಾಣದ ಚಪ್ಪಾಳೆ. ತಪ್ಪಿದ್ದನ್ನು ತಿದ್ದುವವರಿಲ್ಲ, ಪಾಠದ ವ್ಯವಸ್ಥೆಯಿಲ್ಲ, ಕಲಿಯುವವರು ಬೇರೆಡೆ ಗುರುಗಳನ್ನು ಹುಡುಕಿಕೊಳ್ಳಬೇಕು. ವಾದ್ಯ ಸಿಗುವುದು ಮಾತ್ರ ಸುಲಭ: ಮಕ್ಕಳು ಬೇಡವೆಂದ ಮನೆ ಆರ್ಗನ್ನುಗಳನ್ನು ಪುಕ್ಕಟೆಯಾಗಿ ಕೊಡುವವರು ವಿರಾಮದ ವೇಳೆಯಲ್ಲಿ ಸದಾ ಸಿಗುತ್ತಾರೆ. ಒಪ್ಪಿಕೊಳ್ಳುವ ಮೊದಲು ನಿಮ್ಮ ಬಾಗಿಲಿನ ಅಗಲ ಅಳೆದುಕೊಳ್ಳಿ, ಹೊರಲು ಮೂರು ನಾಲ್ಕು ಮಂದಿಯನ್ನು ಗೊತ್ತುಮಾಡಿಕೊಳ್ಳಿ.

ಸದಸ್ಯರಲ್ಲದವರಿಗೆ ಪ್ರವೇಶ 8 ಪೌಂಡ್. ಹೋಗುವ ಮುನ್ನ ಆ ತಿಂಗಳ ಅತಿಥಿ ಯಾವ ವಾದ್ಯ ನುಡಿಸುತ್ತಾರೆಂದು ಕಾರ್ಯದರ್ಶಿಯವರಲ್ಲಿ ಕೇಳಿ ತಿಳಿದುಕೊಳ್ಳಿ. ಹ್ಯಾಮಂಡ್ ಎಂದರೆ ಅರ್ಧ ಗಂಟೆ ಮೊದಲೇ ತಲುಪಿ ಎಡಗಡೆಯ ಮೊದಲ ಸಾಲನ್ನು ಹಿಡಿಯಿರಿ.