ಒಂದೇ ಆಲ್ಬಮ್, ಮೂರು ಬಗೆಯ ತಡೆ

ಅಕ್ಕ ತನ್ನ ಮಗುವಿನ ಫೋಟೋಗಳನ್ನು ಒಂದು ಜಾಲತಾಣಕ್ಕೆ ಹಾಕಿ ಲಿಂಕ್ ಕಳಿಸಿದ್ದಳು. ತೆರೆದವನು ಅಭ್ಯಾಸಬಲದಿಂದ ಎಫ್12 ಒತ್ತಿ, ಪುಟ ಎಲ್ಲಿಂದ ಏನೇನು ತರಿಸುತ್ತದೆ ಎಂದು ತೋರಿಸುವ ನೆಟ್‌ವರ್ಕ್ ಪಟ್ಟಿ ನೋಡಿದೆ. ದೊಡ್ಡ ದೊಡ್ಡ ಫೋಟೋಗಳ ನಡುವೆ 43 ಬೈಟ್‌ನ ಒಂದು ಜಿಫ್ ಚಿತ್ರ. ಅಗಲ 1 ಪಿಕ್ಸೆಲ್, ಎತ್ತರ 1 ಪಿಕ್ಸೆಲ್, ಬಣ್ಣವೇ ಇಲ್ಲ. ಬಂದದ್ದು ಯಾವುದೋ ಜಾಹೀರಾತು ಸರ್ವರ್‌ನಿಂದ. ಬ್ರೌಸರ್ ಆ ಚುಕ್ಕೆಯನ್ನು ಕೇಳುವಾಗಲೇ ನನ್ನ ಐಪಿ ವಿಳಾಸ, ನಾನಿರುವ ತಾಣದ ಹೆಸರು ಅಲ್ಲಿಗೆ ತಲುಪಿರುತ್ತವೆ. ಅಕ್ಕನ ಮಗುವನ್ನು ನೋಡಿದ್ದಕ್ಕೆ ಮೂರನೆಯವರಿಗೆ ಲೆಕ್ಕ ಯಾಕೆ ಹೋಗಬೇಕು?

ಅದೇ ಆಲ್ಬಮನ್ನು ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಮೂರು ಬಗೆಯ ತಡೆಯೊಂದಿಗೆ ಮೂರು ಸಲ, ಪ್ರತಿ ಸಲವೂ ಕುಕಿ (ನಮ್ಮನ್ನು ಗುರುತಿಸಲು ತಾಣಗಳು ಬ್ರೌಸರ್‌ನಲ್ಲಿಡುವ ಪುಟ್ಟ ಮಾಹಿತಿ) ಅಳಿಸಿ ತೆರೆದೆ.

ಮೊದಲು ಬರೀ ಫೈರ್‌ಫಾಕ್ಸ್. 2022ರಿಂದ ಅದು ಒಂದೊಂದು ತಾಣದ ಕುಕಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡುತ್ತದೆ. ಹಾಗಾಗಿ ಚುಕ್ಕೆ ಇಳಿದರೂ ಇಲ್ಲಿಯ ಗುರುತನ್ನು ಇನ್ನೊಂದು ತಾಣದ ಗುರುತಿಗೆ ಕುಕಿಯಿಂದ ಜೋಡಿಸಲಾಗದು. ಸೆಟ್ಟಿಂಗ್‌ನಲ್ಲಿ ಇನ್ನೂ ಬಿಗಿಯಾದ 'ಸ್ಟ್ರಿಕ್ಟ್' ಆಯ್ದ ಮೇಲೆ ಚುಕ್ಕೆಯೂ ಇಳಿಯಲಿಲ್ಲ.

ಎರಡನೆಯದು, ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡುವ ಇಎಫ್‌ಎಫ್ ಸಂಸ್ಥೆಯ ಪ್ರೈವಸಿ ಬ್ಯಾಡ್ಜರ್ ಎಂಬ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ. ಹಾಕಿ ಸುಮ್ಮನಿದ್ದರಾಯಿತು. ಚುಕ್ಕೆ ನಿಂತಿತು. ಸೆಟ್ಟಿಂಗ್ ಮುಟ್ಟಲು ಹೆದರುವವರಿಗೆ ನಾನು ಹಾಕಿಕೊಡುವುದು ಇದನ್ನೇ.

ನನಗೆ ಕಣ್ಣು ತೆರೆಸಿದ್ದು ಮೂರನೆಯದು, ಯುಬ್ಲಾಕ್ ಒರಿಜಿನ್ ಎಂಬ ಇನ್ನೊಂದು ಎಕ್ಸ್‌ಟೆನ್ಶನ್. ಪುಟ ತರಿಸುವುದನ್ನೆಲ್ಲ ದಾಖಲಿಸುವ ಅದರ ಲಾಗರ್‌ನಲ್ಲಿ ಒಂದು ಸಾಲು ನೀಲಿ ಅಕ್ಷರದಲ್ಲಿ ಬಂತು. ಹೆಸರು ನೋಡಿದರೆ ಆ ಫೋಟೋ ತಾಣದ್ದೇ ಉಪಡೊಮೈನ್, ಅಂದರೆ ಅದರದೇ ಒಳವಿಳಾಸ. ತಾಣದ ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಮಾತ್ರ ಅದು ಹೊರಗಿನ ಅಂಕಿಅಂಶ ಕಂಪನಿಯ ಕಡೆಗೆ ತಿರುಗಿತ್ತು. ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತಿರುಗಿಸುವ ಡಿಎನ್‌ಎಸ್ ದಾಖಲೆಗೆ ಸಿನೇಮ್ ಎನ್ನುತ್ತಾರೆ; ಸಿನೇಮ್ ವೇಷ ಅಂದರೆ ಇದೇ. ಮನೆಯವರ ಹೆಸರು ಹೇಳಿಕೊಂಡು ಒಳಗೆ ಬಂದ ಹೊರಗಿನವನು! ಮೊದಲಿನ ಎರಡು ಪ್ರಯೋಗಗಳಲ್ಲೂ ಈ ಸಾಲು ನನ್ನ ಕಣ್ಣೆದುರೇ ದಾಟಿ ಹೋಗಿತ್ತು. ಈ ವೇಷ ಬಯಲಾಗುವುದು ಫೈರ್‌ಫಾಕ್ಸ್‌ನಲ್ಲಿ, ಏಕೆಂದರೆ ಅದು ಎಕ್ಸ್‌ಟೆನ್ಶನ್‌ಗಳಿಗೆ ಡಿಎನ್‌ಎಸ್ ನೋಡಲು ಬಿಡುತ್ತದೆ, ಕ್ರೋಮ್ ಬಿಡುವುದಿಲ್ಲ. ಹಾಗಾಗಿ ಫೈರ್‌ಫಾಕ್ಸ್ ಮೇಲೆ ಯುಬ್ಲಾಕ್ ಒರಿಜಿನ್ ಹಾಕಿ, ಅಲ್ಲಿಗೇ ನಿಂತಿದ್ದೇನೆ.

ಆದರೆ ಫೋಟೋದೊಳಗೇ ಇರುವುದನ್ನು ಈ ಮೂರರಲ್ಲಿ ಯಾವುದೂ ಮುಟ್ಟುವುದಿಲ್ಲ. ಮೂಲ ಫೈಲ್ ಇಳಿಸಿಕೊಂಡು ಎಕ್ಸಿಫ್ ಮಾಹಿತಿ (ಕ್ಯಾಮೆರಾ ಫೋಟೋ ಫೈಲಿನೊಳಗೇ ಬರೆದಿಡುವ ವಿವರ) ತೆರೆದರೆ ಫೋನಿನ ಮಾದರಿ, ಕ್ಲಿಕ್ಕಿಸಿದ ಗಳಿಗೆ, ಅಕ್ಷಾಂಶ, ರೇಖಾಂಶ ಎಲ್ಲವೂ ಅಲ್ಲಿತ್ತು. ಆ ಅಂಕಿಗಳನ್ನು ನಕ್ಷೆಗೆ ಹಾಕಿದೆ. ಗುರುತು ನೆಟ್ಟಗೆ ಅಕ್ಕನ ಮನೆಯ ಮೇಲೆ ಬಂದು ನಿಂತಿತು. ಲಿಂಕ್ ಸಿಕ್ಕ ಯಾರಿಗಾದರೂ ಅದು ಕಾಣುತ್ತಿತ್ತು.

ಕೂಡಲೇ ಫೋನ್ ಮಾಡಿದೆ. ಅಕ್ಕ ಆ ರಾತ್ರಿಯೇ ಆಲ್ಬಮ್ ಅಳಿಸಿ, ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ, ಹಳೆಯ ಫೋಟೋಗಳ ಸ್ಥಳದ ಮಾಹಿತಿ ತೆಗೆದು ಮತ್ತೆ ಹಾಕಿದಳು.