ಕುಂಬಳೆಯಲ್ಲಿ ಕನ್ನಡ ಡಿಟಿಪಿ, ಪೋಸ್ಟರ್ ಬೇಕಾದ್ರೆ ಈ ಅಂಗಡಿ

ಕಾಸರಗೋಡು ಕಡೆ ಕನ್ನಡದಲ್ಲಿ ಎಂತಾದ್ರೂ ಪ್ರಿಂಟ್ ಮಾಡಿಸಿದವ್ರಿಗೆ ಗೊತ್ತುಂಟು, ನಮ್ಮ ಮೊಬೈಲಲ್ಲಿ ಚಂದ ಇದ್ದ ಫೈಲು ಅಂಗಡಿ ಕಂಪ್ಯೂಟರಿಗೆ ಹೋದ ಕೂಡ್ಲೆ ಒತ್ತಕ್ಷರ ಎಲ್ಲ ಕಳಚಿ ಬೀಳ್ತದೆ. ಮಗಳ ಸಮಾಜ ವಿಜ್ಞಾನ ಮೇಳದ ಪೋಸ್ಟರಿಗೆ ಮೊದ್ಲು ಹೋದ ಒಂದು ಕಡೆ 'ದ್ವೀಪ' ಹೋಗಿ 'ದ್ ವೀಪ' ಆಗಿ ಬಂತು, ಕೇಳಿದ್ರೆ ಓದ್ಲಿಕ್ಕೆ ಆಗ್ತದಲ್ಲಾ ಅಂದ್ರು! ಆಮೇಲೆ ಯಾರೋ ಹೇಳಿ ಈ ಅಂಗಡಿಗೆ ಹೋದದ್ದು, ರೈಲ್ವೇ ಸ್ಟೇಷನ್ ಕಡೆ ಹೋಗುವಾಗ ಮೇಲಿನ ಮಾಳಿಗೆಯಲ್ಲಿ. ಹೆಸರು ಹಾಕ್ಬೇಡಿ, ಈಗಲೇ ಕೆಲಸ ಮುಗಿಯುದಿಲ್ಲ ಅಂತ ಅವ್ರೇ ಹೇಳಿದ ಕಾರಣ ಹಾಕುದಿಲ್ಲ.

ಮಗಳ ವಿಷಯ ನ್ಯೂಯಾರ್ಕಿನ ಈಸ್ಟ್ ರಿವರಿನಲ್ಲಿ ವಿಶ್ವಸಂಸ್ಥೆ ಕಟ್ಟಡದ ಎದುರು ಇರುವ ಒಂದು ಕುದ್ರು, ಅಂದ್ರೆ ನದಿ ನಡುವಿನ ಸಣ್ಣ ದ್ವೀಪ. ಸರ್ಕಾರಿ ಹೆಸರು ಬೆಲ್ಮಾಂಟ್ ಐಲ್ಯಾಂಡ್, ಜನ ಹೇಳುದು ಯು ಥಾಂಟ್ ಐಲ್ಯಾಂಡ್. 200 ಅಡಿ ಉದ್ದ 100 ಅಡಿ ಅಗಲ ಅಂದ್ರೆ ನಮ್ಮ ಲೆಕ್ಕದಲ್ಲಿ ಹೆಚ್ಚು ಕಮ್ಮಿ 46 ಸೆಂಟ್ಸ್ ಜಾಗ. ಮನುಷ್ಯರಿಲ್ಲ, ಕಾಲಿಡ್ಲಿಕ್ಕೂ ಬಿಡುದಿಲ್ಲ, ಇರುದು ನೀರುಕಾಗೆಗಳು. ಚಂದ್ರಗಿರಿ ಕೋಟೆ ಮಾಡು ಅಂದೆ, ಅದನ್ನು ಎಲ್ಲ ಶಾಲೆಯವ್ರೂ ತರ್ತಾರೆ ಅಂದ್ಲು, ಸರಿ.

ಅಂಗಡಿಯ ಅಕ್ಕ ಟೈಪ್ ಮಾಡುದು ಮಾತ್ರ ಅಲ್ಲ, ಓದ್ತಾರೆ ಮಾರಾಯ್ರೆ. ಮಗಳು ಬರೆದಿದ್ಲು, ಪಿಯಾನೊ ಕಂಪನಿಯ ವಿಲಿಯಂ ಸ್ಟೈನ್‌ವೇ ಮ್ಯಾನ್‌ಹಾಟನ್‌ನಿಂದ ಕ್ವೀನ್ಸಿಗೆ ಟ್ರಾಲಿ ಓಡಿಸ್ಲಿಕ್ಕೆ ನದಿಯಡಿ ಸುರಂಗ ತೋಡಿಸಿದ್ರು, 1907ರಲ್ಲಿ ಮುಗಿಸಿದ್ರು ಅಂತ. ಅಕ್ಕ ಕನ್ನಡಕ ಮೇಲೆ ಮಾಡಿ, 'ಅಲ್ಲ ಮಗಾ, ಇವ್ರು 1896ರಲ್ಲಿ ತೀರಿಹೋದ್ರು ಅಂತ ಆಚೆ ಕಾಲಮ್ಮಿನಲ್ಲಿ ನೀನೇ ಬರ್ದಿದ್ದಿ, ಮತ್ತೆ ಮುಗಿಸಿದ್ದು ಯಾರು?' ಅಂತ ಕೇಳಿದ್ರು. ಪುನಃ ಹುಡುಕಿದಾಗ ಸಿಕ್ಕಿತು, ಕೆಲಸ ಅರ್ಧಕ್ಕೇ ನಿಂತು ವರ್ಷಗಟ್ಟಲೆ ಬಿದ್ದಿತ್ತು, ಆಮೇಲೆ ಕೈಗೆತ್ತಿಕೊಂಡು ಮುಗಿಸಿದ್ದು ಆಗಸ್ಟ್ ಬೆಲ್ಮಾಂಟ್ ಜೂನಿಯರ್. ಈ ಕುದ್ರು ಇರುವಲ್ಲಿ ಮೊದ್ಲು ಇದ್ದದ್ದು ಬರೀ ಒಂದು ಬಂಡೆ, ಸುರಂಗಕ್ಕೆ ಬಾವಿಯ ಹಾಗೆ ಅದರಲ್ಲೇ ಇಳಿದು ತೋಡಿದ್ದು, ಮೇಲೆ ಹಾಕಿದ ಕಲ್ಲುಮಣ್ಣೇ ಕುದ್ರು ಆದದ್ದು, ಹೆಸರೂ ಆ ಬೆಲ್ಮಾಂಟ್‌ದೇ. ಈಗಲೂ ಅದರಡಿ 7 ನಂಬ್ರದ ಮೆಟ್ರೋ ರೈಲು ಓಡ್ತದೆ.

ಶ್ರೀ ಚಿನ್ಮೊಯ್ ಅಂತ ಬಂದಾಗ 'ನಮ್ಮ ಚಿನ್ಮಯ ಸ್ವಾಮಿಗಳಾ?' ಅಂತ ಕೇಳಿಯೇ ಮುಂದೆ ಹೋದ್ರು. ಅಲ್ಲ, ಇವ್ರು ಬಂಗಾಳದ ಆಧ್ಯಾತ್ಮಿಕ ಗುರು, ಪುದುಚೇರಿ ಅರವಿಂದಾಶ್ರಮದಲ್ಲಿದ್ದು 1964ರಲ್ಲಿ ಅಮೆರಿಕಕ್ಕೆ ಹೋದವ್ರು. 1977ರಲ್ಲಿ ಅವ್ರ ಶಿಷ್ಯರು ಕುದ್ರುವನ್ನು ಲೀಸಿಗೆ ತಗೊಂಡು ಗಿಡ ನೆಟ್ಟು, 1961ರಿಂದ 71ರ ತನಕ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದ ಬರ್ಮಾದ ಯು ಥಾಂಟ್ ಹೆಸರಿಟ್ಟು ಒಂದು ಲೋಹದ ಕಮಾನು ನಿಲ್ಲಿಸಿದ್ರು. ಆ ಕಮಾನಿನ ಫೋಟೋ ನಮ್ಮ ಭಾವ ಅಲ್ಲಿ ಬೋಟಿನಿಂದ ತೆಗ್ದು ವಾಟ್ಸಾಪಲ್ಲಿ ಕಳ್ಸಿದ್ದು, ದೊಡ್ಡದು ಮಾಡಿದ್ರೆ ಒಡೆದುಹೋಗ್ತದೆ ಅಂತ ಅಕ್ಕ ಅದನ್ನು ಮೂಲೆಗೆ ಸಣ್ಣಕ್ಕೆ ಹಾಕಿ, ನಡುವಿನಲ್ಲಿ ಕೋರಲ್‌ಡ್ರಾ ಅನ್ನುವ ಸಾಫ್ಟ್‌ವೇರಲ್ಲಿ ಅಡ್ಡಕೊಯ್ತದ ಚಿತ್ರ ಬಿಡಿಸಿಕೊಟ್ರು, ಮೇಲೆ ಕುದ್ರು, ಹಕ್ಕಿ, ನಡುವೆ ನೀರು, ಕೆಳಗೆ ಬಂಡೆಯೊಳಗೆ ರೈಲು. ಪೋಸ್ಟರಿನ ಜೀವವೇ ಅದು, ಅದಕ್ಕೆ ಬೇರೆ ಚಾರ್ಜ್ ಕೇಳ್ಲಿಲ್ಲ. 2004ರಲ್ಲಿ ಡ್ಯೂಕ್ ರೈಲಿ ಅನ್ನುವ ಕಲಾವಿದ ರಾತ್ರಿ ದೋಣಿಯಲ್ಲಿ ಹೋಗಿ ಇದು ಸ್ವತಂತ್ರ ದೇಶ ಅಂತ ಬಾವುಟ ಹಾರಿಸಿ ಕೋಸ್ಟ್ ಗಾರ್ಡ್ ಕೈಗೆ ಸಿಕ್ಕಿದ ಕಥೆಗೆ ಹಳದಿ ಬಾಕ್ಸ್ ಹಾಕಿದ್ದೂ ಅವ್ರದ್ದೇ ಐಡಿಯಾ, ಮೇಳದಲ್ಲಿ ಮಕ್ಕಳು ನಿಂತು ಓದಿದ್ದು ಅದನ್ನೇ.

ಗ್ರೀನ್ ಪ್ರೊಟೊಕಾಲ್, ಅಂದ್ರೆ ಪ್ಲಾಸ್ಟಿಕ್ ಕಮ್ಮಿ ಮಾಡುವ ನಿಯಮ, ಅಂತ ಶಾಲೆಯಲ್ಲಿ ಫ್ಲೆಕ್ಸ್ ಬೇಡ ಅಂದಿದ್ರು, ಬಟ್ಟೆ ಮೇಲೆ ಪ್ರಿಂಟ್ ಸಿಕ್ತದೆ ಇಲ್ಲಿ. ಆದ್ರೆ ಬಟ್ಟೆಯಲ್ಲಿ ಹಸಿರು ಸ್ವಲ್ಪ ಮಾಸಲು ಬರ್ತದೆ, ಸ್ಕ್ರೀನ್ ನೋಡಿ ನಂಬ್ಬೇಡಿ. ರೇಟ್ ಬೇರೆ ಕಡೆಗಿಂತ ಜಾಸ್ತಿಯೇ. ಕರೆಂಟ್ ಹೋದ್ರೆ ನಾಳೆ ಬನ್ನಿ, ಮೆಟ್ಟಿಲು ಕಡಿದು, ಪಾರ್ಕಿಂಗ್ ಕೇಳ್ಲೇಬೇಡಿ. ಐದಕ್ಕೆ ನಾಲ್ಕು ಕೊಡ್ತೇನೆ. ಡಿಸೆಂಬರ್ ಆದ್ಮೇಲೆ ಬ್ರಹ್ಮಕಲಶ, ಜಾತ್ರೆ, ಮದುವೆ ಕಾಗದ ಎಲ್ಲ ಒಟ್ಟಿಗೆ ಬಂದು ಬೀಳ್ತದಂತೆ, ಹೋಗುದಿದ್ರೆ ಅದಕ್ಕಿಂತ ಮೊದ್ಲು ಹೋಗಿ.